ಕತ್ತಲೆಯಲ್ಲಿ ನೆನಪಾಗುವ ನೆರೆಮನೆ

2025ರ ಎಪ್ರಿಲ್ 28ರಂದು ಮಧ್ಯಾಹ್ನ 12 ಗಂಟೆ 33 ನಿಮಿಷಕ್ಕೆ ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳ ಮುಖ್ಯ ಭೂಭಾಗ ಕತ್ತಲೆಗೆ ಬಿತ್ತು. ಸ್ಪೇನಿನಲ್ಲಿ ಐದೇ ಸೆಕೆಂಡುಗಳೊಳಗೆ ಸುಮಾರು 15,000 ಮೆಗಾವ್ಯಾಟ್, ಅಂದರೆ ಆ ಹೊತ್ತಿನ ಬೇಡಿಕೆಯ ಶೇ. 60ರಷ್ಟು ವಿದ್ಯುತ್ ಇಲ್ಲವಾಯಿತು. ರೈಲುಗಳು ನಡುದಾರಿಯಲ್ಲಿ ನಿಂತವು, ಲಿಫ್ಟುಗಳಲ್ಲಿ ಜನ ಸಿಲುಕಿಕೊಂಡರು, ದೂರವಾಣಿಗಳು ಮೂಕವಾದವು. ಐದು ಕೋಟಿಗೂ ಮಿಕ್ಕಿದ ಜನರ ದಿನಚರಿ ಒಮ್ಮೆಲೇ ಅಸ್ತವ್ಯಸ್ತವಾಯಿತು. ಇದು ಯಾರದೋ ಸೈಬರ್ ದಾಳಿಯೆಂಬ ಗುಮಾನಿಯೂ ಕೂಡಲೇ ಹಬ್ಬಿತು. ಸಂಕಟ ಎದುರಾದಾಗ ಮೊದಲು ಶತ್ರುವನ್ನು ಹುಡುಕುವ ಚಾಳಿ ಯುರೋಪಿಗೂ ಹೊರತಲ್ಲ. ತನಿಖೆಯಲ್ಲಿ ಸಿಕ್ಕಿದ್ದು ಮಾತ್ರ ಶತ್ರುವಲ್ಲ. ಜಾಲದ ವೋಲ್ಟೇಜ್ ಹತೋಟಿ ತಪ್ಪಿ ಏರಿ, ಒಂದರ ಬೆನ್ನಿಗೊಂದು ಸ್ಥಾವರಗಳು ಕಳಚಿಕೊಂಡ ಕಥೆ.

ನಮ್ಮ ಗಮನ ಸೆಳೆದದ್ದು ಅನಂತರದ ಗಂಟೆಗಳು. ಸಂಪೂರ್ಣ ಸ್ಥಗಿತಗೊಂಡ ವಿದ್ಯುತ್ ಜಾಲವನ್ನು ಮತ್ತೆ ಚಾಲೂ ಮಾಡುವುದು ಗುಂಡಿ ಒತ್ತಿದಷ್ಟು ಸುಲಭವಲ್ಲ. ಹೆಚ್ಚಿನ ಸ್ಥಾವರಗಳಿಗೆ ತಾವೇ ಎದ್ದು ನಿಲ್ಲಲು ಹೊರಗಿನ ವಿದ್ಯುತ್ ಬೇಕು; ಪಂಪುಗಳು ತಿರುಗಬೇಕು, ನಿಯಂತ್ರಣ ಕೊಠಡಿಗಳು ಕೆಲಸ ಮಾಡಬೇಕು. ಕೆಲವು ಜಲವಿದ್ಯುತ್ ಕೇಂದ್ರಗಳಿಗೆ ಸ್ವಂತ ಬಲದಿಂದ ಏಳುವ ವ್ಯವಸ್ಥೆ ಇರುತ್ತದೆ. ಉಳಿದವು ಕಾಯಬೇಕು. ಬೆಂಕಿಪೊಟ್ಟಣ ದುಬಾರಿಯಾಗಿದ್ದ ಕಾಲದಲ್ಲಿ ನಮ್ಮ ಅಜ್ಜಿಯಂದಿರು ಪಕ್ಕದ ಮನೆಯಿಂದ ಕೆಂಡ ತಂದು ಒಲೆ ಹೊತ್ತಿಸುತ್ತಿದ್ದರಲ್ಲ, ಹೆಚ್ಚುಕಡಿಮೆ ಅದೇ ಕ್ರಮ. ಅಂದು 12.44ಕ್ಕೆ ಫ್ರಾನ್ಸಿನಿಂದ ಒಂದು ತಂತಿ ಮತ್ತೆ ಜೀವ ಪಡೆಯಿತು. 1.04ಕ್ಕೆ ಮೊರೊಕ್ಕೊದಿಂದ ಇನ್ನೊಂದು. ಎರಡೂ ತುದಿಗಳಿಂದ ಬಂದ ಆ ಕೆಂಡ ಮತ್ತು ದೇಶದೊಳಗಿನ ಜಲವಿದ್ಯುತ್ತಿನ ಬಲದಿಂದ ಊರೂರಿಗೆ ಬೆಳಕು ಹರಡುತ್ತಾ ಹೋಗಿ, ಮರುದಿನ ನಸುಕಿನ ನಾಲ್ಕರ ಸುಮಾರಿಗೆ ಸ್ಪೇನಿನ ಪ್ರಸರಣ ಜಾಲ ಪೂರ್ಣವಾಗಿ ಮರಳಿತು. ಪ್ರಧಾನಿ ಪೆಡ್ರೊ ಸಾಂಚೆಝ್ ಎರಡೂ ದೇಶಗಳಿಗೆ ಬಹಿರಂಗವಾಗಿ ಕೃತಜ್ಞತೆ ಹೇಳಿದರು.

ಒಂದು ಜಾಲ ಇನ್ನೊಂದಕ್ಕೆ ಅಂಟಿಕೊಂಡಿದ್ದರೆ ರೋಗವೂ ಅಂಟುವುದಿಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನಿರಾಧಾರವಲ್ಲ. 2012ರ ಜುಲೈ 30 ಮತ್ತು 31ರಂದು ನಮ್ಮ ದೇಶದ ಉತ್ತರ ಭಾಗ, ಎರಡನೆಯ ದಿನ ಅದರೊಡನೆ ಪೂರ್ವ ಮತ್ತು ಈಶಾನ್ಯ ಭಾಗಗಳು ಕತ್ತಲೆಗೆ ಜಾರಿದಾಗ 60 ಕೋಟಿಗೂ ಹೆಚ್ಚು ಜನ ವಾಸಿಸುವ ಪ್ರದೇಶ ಸಂಕಷ್ಟಕ್ಕೊಳಗಾಗಿತ್ತು. ತಮ್ಮ ಪಾಲಿಗಿಂತ ಹೆಚ್ಚು ವಿದ್ಯುತ್ತನ್ನು ರಾಜ್ಯಗಳು ಎಳೆದುಕೊಂಡದ್ದು ಅದರ ಕಾರಣಗಳಲ್ಲೊಂದು. ದಕ್ಷಿಣದ ಜಾಲ ಆಗ ಬೇರೆಯಾಗಿ ನಡೆಯುತ್ತಿದ್ದ ಕಾರಣ ಕರ್ನಾಟಕದಲ್ಲಿ ದೀಪ ಆರಲಿಲ್ಲ. ಆದರೂ ಜಾಲಗಳನ್ನು ಬೆಸೆಯುವ ಯೋಜನೆಯನ್ನು ಯಾರೂ ಕೈಬಿಡಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ 765 ಕಿಲೋವೋಲ್ಟ್ ಮಾರ್ಗದ ಮೂಲಕ ದಕ್ಷಿಣವು ದೇಶದ ಉಳಿದ ಭಾಗದೊಂದಿಗೆ ಒಂದಾಯಿತು. ಕತ್ತಲೆ ಹಬ್ಬುವುದೂ ನೆರವು ಬರುವುದೂ ಅದೇ ತಂತಿಯಲ್ಲಿ. ತಂತಿಯನ್ನು ಕತ್ತರಿಸುವುದು ಪರಿಹಾರವಲ್ಲ, ಶಿಸ್ತು ಪರಿಹಾರ.

ನೆರವು ಕೊಟ್ಟ ಇಬ್ಬರಲ್ಲಿ ಫ್ರಾನ್ಸ್ ಶ್ರೀಮಂತ ನೆರೆಯವ. ಆದರೆ ಪಿರೆನೀಸ್ ಪರ್ವತ ದಾಟುವ ಮಾರ್ಗಗಳು ಇಂದಿಗೂ ಬೆರಳೆಣಿಕೆಯವು. ನೆರೆದೇಶಗಳೊಂದಿಗಿನ ಸಂಪರ್ಕದ ಸಾಮರ್ಥ್ಯ ತನ್ನ ಉತ್ಪಾದನಾ ಸಾಮರ್ಥ್ಯದ ಶೇ. 10ರಷ್ಟಾದರೂ 2020ರೊಳಗೆ ಇರಬೇಕೆಂದು ಯುರೋಪಿಯನ್ ಒಕ್ಕೂಟ ಪ್ರತಿ ದೇಶಕ್ಕೆ ಗುರಿ ಹಾಕಿತ್ತು. ಸ್ಪೇನ್ ಅದನ್ನು ಮುಟ್ಟಲಿಲ್ಲ, ಫ್ರಾನ್ಸ್ ಅದಕ್ಕೆ ಆತುರವನ್ನೂ ತೋರಲಿಲ್ಲ.

ಮೊರೊಕ್ಕೊದ ಕಥೆಯೇ ಬೇರೆ. ಜಿಬ್ರಾಲ್ಟರ್ ಜಲಸಂಧಿಯ ತಳದಲ್ಲಿ 1997ರಲ್ಲಿ ಮೊದಲ ಮಾರ್ಗ, 2006ರಲ್ಲಿ ಎರಡನೆಯದು ಸಿದ್ಧವಾದವು; ತಲಾ 700 ಮೆಗಾವ್ಯಾಟ್ ಸಾಮರ್ಥ್ಯ. ದುರ್ಘಟನೆಯ ಕ್ಷಣದಲ್ಲಿ ಮೊರೊಕ್ಕೊ ಸ್ಪೇನಿನಿಂದ ವಿದ್ಯುತ್ ಪಡೆಯುತ್ತಿತ್ತು. ಸುಮಾರು ಅರ್ಧ ಗಂಟೆಯಲ್ಲಿ ಪಡೆಯುವವನೇ ಕೊಡುವವನಾದ! ಆ ಹೊತ್ತಿನಲ್ಲಿ ಯಾರೂ ಪಾಸ್‌ಪೋರ್ಟ್ ಕೇಳಲಿಲ್ಲ. ಅದೇ ಜಲಸಂಧಿಯ ಆಚೆ, ಆಫ್ರಿಕಾದ ನೆಲದಲ್ಲಿ, ಸ್ಪೇನ್ ತನ್ನ ವಶದಲ್ಲಿಟ್ಟುಕೊಂಡಿರುವ ಸಿಯುಟ ಮತ್ತು ಮೆಲಿಯ ನಗರಗಳ ಸುತ್ತ ಆಳೆತ್ತರವನ್ನು ಎಷ್ಟೋ ಮೀರಿದ ಉಕ್ಕಿನ ಬೇಲಿಗಳು ನಿಂತಿವೆ. 2022ರ ಜೂನ್ 24ರಂದು ಮೆಲಿಯದ ಬೇಲಿಯ ಬಳಿ ಕನಿಷ್ಠ 23 ಮಂದಿ ವಲಸಿಗರು ಸತ್ತರು. ಅಂದು ಆ ಬೇಲಿಯನ್ನು ಕಾಯಲು ಎರಡೂ ದೇಶಗಳ ಪೊಲೀಸರು ಕೈಜೋಡಿಸಿದ್ದರೆಂಬುದನ್ನೂ ಇಲ್ಲಿ ದಾಖಲಿಸಬೇಕು. ಮೊರೊಕ್ಕೊವನ್ನು ಕೇವಲ ಬಲಿಪಶುವೆಂದು ಚಿತ್ರಿಸುವ ಅನುಕೂಲ ನಮಗಿಲ್ಲ.

ಯುರೋಪಿನ ದ್ವಂದ್ವವನ್ನು ಬಣ್ಣಿಸಿ ಇಲ್ಲಿಗೇ ನಿಲ್ಲಿಸಿದರೆ ನಮ್ಮ ಓದುಗರಿಗೆ ಹಿತವೆನಿಸಬಹುದು. ಆದರೆ ಮೊರೊಕ್ಕೊದ ಪೂರ್ವಕ್ಕೆ ಅಲ್ಜೀರಿಯವಿದೆ. ಭಾಷೆ ಒಂದು, ಧರ್ಮ ಒಂದು, ಫ್ರೆಂಚರ ಆಳ್ವಿಕೆಯ ನೋವೂ ಇಬ್ಬರಿಗೂ ಸಮಾನ. ಎರಡರ ನಡುವಿನ ಭೂಗಡಿ 1994ರಿಂದ ಮುಚ್ಚಿದೆ. ಪಶ್ಚಿಮ ಸಹಾರಾದ ವಿವಾದ ಉಲ್ಬಣಿಸಿ 2021ರ ಆಗಸ್ಟ್‌ನಲ್ಲಿ ಅಲ್ಜೀರಿಯ ರಾಜತಾಂತ್ರಿಕ ಸಂಬಂಧವನ್ನೇ ಕಡಿದುಕೊಂಡಿತು. ಅಲ್ಜೀರಿಯದ ಅನಿಲವನ್ನು ಮೊರೊಕ್ಕೊದ ನೆಲದ ಮೂಲಕ ಸ್ಪೇನಿಗೆ ಒಯ್ಯುತ್ತಿದ್ದ ಕೊಳವೆಯ ಒಪ್ಪಂದ ಅದೇ ಅಕ್ಟೋಬರ್ 31ಕ್ಕೆ ಮುಗಿದಾಗ ಅದನ್ನು ನವೀಕರಿಸಲಿಲ್ಲ. ಮೊರೊಕ್ಕೊದ ಅನಿಲ ವಿದ್ಯುತ್ ಸ್ಥಾವರಗಳು ಬರಿಗೈಯಾದವು. 2022ರ ಜೂನ್‌ನಿಂದ ಅದೇ ಕೊಳವೆಯಲ್ಲಿ ಅನಿಲ ಹಿಮ್ಮುಖವಾಗಿ, ಸ್ಪೇನಿನಿಂದ ಮೊರೊಕ್ಕೊಗೆ ಹರಿಯತೊಡಗಿತು. ಮನೆಗೆ ತಾಗಿದ ಮನೆಯ ಸೋದರ ಬಾಗಿಲು ಹಾಕಿಕೊಂಡಾಗ ಕಡಲಾಚೆಯ ನೆರೆಯವನ ಬಾಗಿಲು ತಟ್ಟಬೇಕಾಯಿತು. 1989ರಲ್ಲಿ ಮರಾಕೇಶ್‌ನಲ್ಲಿ ಐದು ದೇಶಗಳು ಸೇರಿ ಅರಬ್ ಮಗ್ರಿಬ್ ಒಕ್ಕೂಟವನ್ನು ಕಟ್ಟಿದಾಗ ಮಾಡಿದ ಘೋಷಣೆಗಳಲ್ಲಿ ಉಳಿದಿರುವುದೆಷ್ಟು? 1994ರ ಬಳಿಕ ಅದರ ನಾಯಕರ ಶೃಂಗಸಭೆಯೇ ನಡೆದಿಲ್ಲ.

ಸಹೋದರತ್ವದ ಭಾಷಣಗಳಿಂದ ಯಾವ ಆಸ್ಪತ್ರೆಯ ದೀಪವೂ ಉರಿಯುವುದಿಲ್ಲ. ಯಾರಿಗೆ ಎಷ್ಟು ಕೊಡಬೇಕು, ಹಣದ ಲೆಕ್ಕ ಹೇಗೆ, ಯಾವ ಮಿತಿಯ ನಂತರ ಕೊಡುವವನು ತನ್ನನ್ನು ರಕ್ಷಿಸಿಕೊಳ್ಳಲು ಕೈ ಹಿಂತೆಗೆದುಕೊಳ್ಳಬಹುದು ಎಂಬುದೆಲ್ಲ ಶಾಂತಿಯ ದಿನಗಳಲ್ಲಿ ಕಾಗದಕ್ಕಿಳಿಯಬೇಕು, ತಂತಿ ನೆಲಕ್ಕಿಳಿಯಬೇಕು. 2019ರಲ್ಲಿ ಸ್ಪೇನ್ ಮತ್ತು ಮೊರೊಕ್ಕೊ ಮೂರನೆಯ ಮಾರ್ಗಕ್ಕೂ ಸಹಿ ಹಾಕಿದ್ದವು. ಆಮೇಲಿನ ವರ್ಷಗಳಲ್ಲಿ ಸಿಯುಟದ ಬೇಲಿಯನ್ನು ಕೆಲವೆಡೆ 10 ಮೀಟರಿಗೆ ಏರಿಸುವ ಕಾಮಗಾರಿ ನಡೆಯಿತು. ಮೂರನೆಯ ಕೇಬಲ್ ಮಾತ್ರ 2025ರ ಆ ಕತ್ತಲೆಯ ದಿನದವರೆಗೂ ಸಮುದ್ರಕ್ಕೆ ಇಳಿದಿರಲಿಲ್ಲ.