ಅಜ್ಜನಿಗೆ ಆಪರೇಷನ್: ಮೊದಲು ಮೂರು ಮೀಟರ್ ನಡಿಗೆ

ಗುಂಜಿಯಿಂದ ರೈಲು ಹತ್ತಿ ಇಬ್ಬರು ಅಜ್ಜಂದಿರು ಬೆಳಗಾವಿಯ ಆಸ್ಪತ್ರೆಗೆ ಬಂದಿದ್ದಾರೆ ಎಂದಿಟ್ಟುಕೊಳ್ಳಿ. ಇಬ್ಬರಿಗೂ 75 ವರ್ಷ, ಇಬ್ಬರಿಗೂ ಹರ್ನಿಯಾ. ರಕ್ತದೊತ್ತಡ, ಸಕ್ಕರೆ, ಇ.ಸಿ.ಜಿ. ಎಲ್ಲವೂ ಸರಿಯಾಗಿವೆ. ಆದರೂ ಆಪರೇಷನ್ ಆದ ಮೇಲೆ ಒಬ್ಬರು ಬೇಗನೆ ಅಂಗಳದಲ್ಲಿ ಓಡಾಡಬಹುದು. ಇನ್ನೊಬ್ಬರು ಹಾಸಿಗೆ ಹಿಡಿದು, ಮಕ್ಕಳ ಗುರುತೂ ಸಿಗದೆ ಬಡಬಡಿಸಬಹುದು. ಯಾಕೆ ಹೀಗೆ?

ಹೃದಯ, ಶ್ವಾಸಕೋಶ, ಮೂತ್ರಪಿಂಡ, ಸ್ನಾಯುಗಳಿಗೆ ದಿನನಿತ್ಯ ಬೇಕಾದುದಕ್ಕಿಂತ ಹೆಚ್ಚಿನ ಸಾಮರ್ಥ್ಯವಿರುತ್ತದೆ. ಈ ಮೀಸಲು ಶಕ್ತಿ ಹಲವು ಅಂಗಗಳಲ್ಲಿ ಒಟ್ಟಿಗೇ ಕರಗಿದ ಸ್ಥಿತಿಗೆ ವೈದ್ಯರು ‘ಫ್ರೇಲ್ಟಿ’ ಎನ್ನುತ್ತಾರೆ. ಗಾಯ, ಅರಿವಳಿಕೆ, ಉಪವಾಸ ಒಮ್ಮೆಗೇ ಎರಗಿದಾಗ ಆ ಕೊರತೆ ಬಯಲಾಗುತ್ತದೆ.

ಅಮೆರಿಕದ ಲಿಂಡಾ ಫ್ರೀಡ್ ಮತ್ತು ಸಂಗಡಿಗರು 2001ರಲ್ಲಿ ಇದಕ್ಕೆ ಐದು ಗುರುತುಗಳನ್ನು ಸೂಚಿಸಿದರು: ತಾನಾಗಿ ತೂಕ ಇಳಿಯುವುದು, ಸದಾ ಆಯಾಸ, ಚಟುವಟಿಕೆ ಕಡಿಮೆಯಾಗುವುದು, ನಿಧಾನ ನಡಿಗೆ, ಸಡಿಲ ಕೈಹಿಡಿತ. ಮೂರಿದ್ದರೆ ಫ್ರೇಲ್ಟಿ. ಜಾನ್ಸ್ ಹಾಪ್ಕಿನ್ಸ್‌ನಲ್ಲಿ 65 ತುಂಬಿದ 594 ಶಸ್ತ್ರಚಿಕಿತ್ಸೆಯ ರೋಗಿಗಳನ್ನು ಇದೇ ಅಳತೆಗೋಲಿನಿಂದ ನೋಡಿದರು. ಫ್ರೇಲ್ಟಿ ಇದ್ದವರಲ್ಲಿ ತೊಡಕುಗಳೂ ಆಸ್ಪತ್ರೆಯ ದಿನಗಳೂ ಹೆಚ್ಚಾಗಿದ್ದವು ಎಂದು 2010ರಲ್ಲಿ ವರದಿಯಾಯಿತು.

ಇನ್ನೊಂದು ಪರೀಕ್ಷೆಗೆ ಬೇಕಾದ ಉಪಕರಣ ಕುರ್ಚಿ ಮತ್ತು ಗಡಿಯಾರ ಮಾತ್ರ! ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆಯೆಂದು ಎಣಿಸುತ್ತಾರೆ. ವಿದ್ಯಾರ್ಥಿಗಳು ಮನೆಯಲ್ಲೇ ಅಳೆಯಬಹುದು. ಅಜ್ಜಿಯ ಪಕ್ಕದಲ್ಲಿ ಒಬ್ಬರು ನಿಂತಿರಲಿ.

ತೊಂದರೆ ಇರುವುದು ನಮ್ಮ ಮಾತಿನಲ್ಲಿ. ವೈದ್ಯರು ಕೇಳಿದರೆ ಅಜ್ಜ ಬಾಯಿ ತೆರೆಯುವ ಮೊದಲೇ ಮಗ ‘ಗಟ್ಟಿ ಇದ್ದಾರ್ರೀ’ ಎಂದುಬಿಡುತ್ತಾನೆ. ಕಳೆದ ವರ್ಷದ ಅಂಗಿ ಈಗ ಜೋಲುತ್ತಿರುವುದು, ಬಚ್ಚಲಲ್ಲಿ ಎರಡು ಸಲ ಬಿದ್ದದ್ದು, ಊಟವಾಯಿತೇ ಎಂಬುದೇ ಮರೆಯುವುದು ಹೊರಗೆ ಬರುವುದೇ ಇಲ್ಲ. ಈ ಮರ್ಯಾದೆ ದುಬಾರಿಯದು.

ಫ್ರೇಲ್ಟಿ ಇದೆಯೆಂದಾಕ್ಷಣ ಶಸ್ತ್ರಚಿಕಿತ್ಸೆ ಬೇಡವೆಂದಲ್ಲ. ಅವಸರವಿಲ್ಲದಿದ್ದರೆ ಕೆಲವು ವಾರ ಮುಂದೂಡಿ, ದಿನವೂ ನಡಿಗೆ, ಉಸಿರಾಟದ ವ್ಯಾಯಾಮ, ಬೇಳೆ, ಹಾಲು, ಮೊಟ್ಟೆಗಳಿಂದ ಬಲ ತುಂಬಲು ವೈದ್ಯರು ಹೇಳಬಹುದು. ‘ಆಪರೇಷನ್ ಇದೆ, ಮಲಗೇ ಇರು’ ಎನ್ನುವವರು ಇದನ್ನು ಕೇಳಬೇಕು: 2007ರ ಒಂದು ಅಧ್ಯಯನದಲ್ಲಿ ಹತ್ತೇ ದಿನ ಮಲಗಿದ್ದ ಆರೋಗ್ಯವಂತ ಹಿರಿಯರ ಕಾಲುಗಳಿಂದ ಕೊಬ್ಬು ಬಿಟ್ಟು ಸುಮಾರು ಒಂದು ಕಿಲೋ ಕರಗಿತ್ತು.

ಸೊಂಟದ ಮೂಳೆ ಮುರಿದರೆ ಮಾತ್ರ ಹೀಗೆ ವಾರಗಟ್ಟಲೆ ಕಾಯುವಂತಿಲ್ಲ. ಒಂದೆರಡು ದಿನಗಳೊಳಗೆ ಶಸ್ತ್ರಚಿಕಿತ್ಸೆ ಆಗಬೇಕು. ಬಲ ತುಂಬುವ ಕೆಲಸ ಮರುದಿನ ಹಾಸಿಗೆಯಿಂದ ಎಬ್ಬಿಸುವಲ್ಲಿಂದಲೇ ಶುರು.