ಇಟ್ಟಿದ್ದು ಇಟ್ಟಂಗ ಸಿಗಬೇಕು

ಮಗಳ ಕುಬಸದ ಗದ್ದಲದಾಗ ಒಂದ ತಿಂಗಳ ಏನೂ ಬರ್ಯಾಕ ಆಗಲಿಲ್ಲ. ಯಾರ ಸೀರಿ ಹೆಂಗಿತ್ತು, ಬುತ್ತಿ ಎಷ್ಟ ಥರಾ ಬಂದಿತ್ತು ಅನ್ನೂದು ಮುಂದಿನ ಸಲ ಬರೀತೇನಿ. ಇವತ್ತಿಂದು ಕಂಪ್ಯೂಟರಿನ ಮಾತು. "ಅದು ನಮಗ್ಯಾಕವಾ" ಅಂತ ಮಾರಿ ತಿರುವಬ್ಯಾಡ್ರಿ. ನಿಮ್ಮ ಮನ್ಯಾಗೂ ಹಳೇ ಕಂಪ್ಯೂಟರ್ ಒಂದು ಮೂಲ್ಯಾಗ ಧೂಳಾ ತಿನಕೋತ ಕುಂತಿದ್ರ, ಗುಜರಿಯವಗ ಕೊಡೂ ಮುಂಚೆ ಇದನ್ನ ಓದ್ರಿ.

ನಮ್ಮವ್ವ ಗೋಕಾಕದಾಗ ನಮ್ಮ ಓಣಿಗೆಲ್ಲಾ ಹೆಸರಾದ ಹಾಡಾಕಿ. ತೊಟ್ಟಲದಾಗ ಕೂಸಿನ್ನ ಹಾಕೂವಾಗ, ಆರತಿ ಎತ್ತೂವಾಗ, ಕುಬಸ ಮಾಡೂವಾಗ ಆಕೀನ್ನ ಕರೀದ ಯಾರೂ ಶುರು ಮಾಡತಿರಲಿಲ್ಲ. 2004ರ ಬ್ಯಾಸಗಿ ಸೂಟ್ಯಾಗ ಆಕಿ ಮೂಡಲಗ್ಯಾಗ ಅಣ್ಣನ ಮನ್ಯಾಗ ಇದ್ಲು. ಆಗ ಮೂಡಲಗಿ ಇನ್ನೂ ಗೋಕಾಕ ತಾಲೂಕಿನಾಗಽ ಇತ್ತು. ನಾನು ಹುಡುಗರನ್ನ ಕರ್ಕೊಂಡು ಹುಕ್ಕೇರಿಯಿಂದ ಹೋಗಿ, ಅಣ್ಣನ ಕಂಪ್ಯೂಟರಿನ ಮುಂದ ಕುಂತು ಆಕಿ ಹಾಡಿದಂಗ 62 ಹಾಡು ಟೈಪ್ ಮಾಡಿದ್ನಿ. ಆಕಿ ಶೇಂಗಾ ಸುಲಕೋತ ಹಾಡೂದು, ನಾ ಕುಟ್ಟೂದು. "ನೀ ಕುಟ್ಟೂದು ನಾ ಬೀಸೂದಕಿಂತ ಜೋರ ಐತೆಲ್ಲಾ" ಅಂತ ನಗತಿದ್ಲು. ಆಕಿ ಹೋಗಿ ಹದಿನಾಕ ವರ್ಷ ಆತು.

ಕುಬಸಕ್ಕ ಎಂಟ ದಿನ ಇದ್ದಾಗ ಅಣ್ಣನ ಮಗಗ ಫೋನ್ ಹಚ್ಚಿ, "ಆಯಿ ಹಾಡಿನ ಫೈಲ್ ಕಳಸಪಾ" ಅಂದ್ನಿ. ವಾಟ್ಸಾಪಿಗೆ ಕಳಸಿದಾ. ತಗದ ನೋಡ್ತೇನಿ, ಒಂದೂ ಕನ್ನಡ ಅಕ್ಷರ ಇಲ್ಲ. ಇಂಗ್ಲಿಷಿನ ಪಿ, ಅದರ ಮಗ್ಗಲಕ ತಲಿಮ್ಯಾಲ ಗೀಟು ಇದ್ದ ಎ, ಅದರ ಮುಂದ ಪೌಂಡಿನ ಗುರ್ತು. ನಲವತ್ತ ಪುಟಾ ಬರೇ ಇದಽ.

"ವೈರಸ್ ಹೊಕ್ಕೈತಿ ಅತ್ತಿ, ಬಿಟ್ಟಬಿಡ್ರಿ," ಅಂದಾ. "ಹೆಂಗೂ ವಿಂಡೋಸ್ 10 ಬಂದ್ ಆತಂತ ಸುದ್ದಿ ಬಂದೈತಿ. ನಾಡದ ಗುಜರಿಯಾಂವ ಬರ್ತಾನು, ಆ ಡಬ್ಬಿ ಅವಗ ಕೊಟ್ಟಬಿಡ್ತೇನಿ."

"ಗುಜರಿಯಾಂವ ಬರೂದ್ರೊಳಗ ನಾ ಬರ್ತೇನಿ, ತಡಿ" ಅಂದ್ನಿ.

ನಾ ಕಂಪ್ಯೂಟರ್ ಕಲ್ತದ್ದು 1997ರಾಗ, ಗೋಕಾಕದ ಒಂದು ಕ್ಲಾಸಿನ್ಯಾಗ. ಆಗ ಡಾಸು, ವರ್ಡ್‌ಸ್ಟಾರು. ಮದಿವಿ ಆಗಿ ಹುಕ್ಕೇರಿಗೆ ಬಂದ ಮ್ಯಾಲ ಲಗ್ನಪತ್ರ, ಅರ್ಜಿ, ಸಂಘದ ಠರಾವು ಎಲ್ಲಾ ಟೈಪ್ ಮಾಡಿ ಮಾಡಿ ಬೆರಳಿಗೆ ಜಡ್ಡ ಕಟ್ಟಿದಾಕಿ. ಹಂಗಾಗಿ ಆ ಪಿ, ಗೀಟಿನ ಎ ನೋಡೂದ್ರಾಗ ಗೊತ್ತಾತು. ವೈರಸ್ಸೂ ಅಲ್ಲ, ಕೆಟ್ಟೂ ಇಲ್ಲ. ಅದು ಹಳೇ ನುಡಿ ಫಾಂಟಿನ "ಕ".

ಆ ಕಾಲದಾಗ ಕನ್ನಡ ಬರೂದ ಹಂಗ ಇತ್ರಿ. 1998ರಾಗ ಶೇಷಾದ್ರಿವಾಸು ಅವರು ಬರಹ ಮಾಡಿದ್ರು. ಆಮ್ಯಾಲ ಕನ್ನಡ ಗಣಕ ಪರಿಷತ್ತಿನವರು ನುಡಿ ಮಾಡಿದ್ರು, ಸರಕಾರ ಅದನ್ನ ಪುಕ್ಕಟೆ ಹಂಚಿತು. ಕೆ.ಪಿ. ರಾವ್ ಅವರ ಕೀಲಿಮಣಿ ಜೋಡಣಿ ಎಷ್ಟ ಚಂದ ಐತಂದ್ರ, ಇಂಗ್ಲಿಷಿನ 26 ಕೀಲ್ಯಾಗ ಇಡೀ ಕನ್ನಡಾ ಕುಂದರಸ್ಯಾರ. ಇವರು ಇರದಿದ್ರ ನನ್ನಂತಾಕಿ ಹೊಟ್ಟಿ ತುಂಬತಿರಲಿಲ್ಲ. ಆದ್ರ ಅವಾಗಿನ ಫಾಂಟು ಕೆಲಸ ಮಾಡತಿದ್ದದ್ದು ಹಿಂಗ: ಕಂಪ್ಯೂಟರಿಗೆ ಅದು "ಪಿ" ಅಂತಽ ಗೊತ್ತು, ಫಾಂಟು ಅದರ ಮ್ಯಾಲ ಕನ್ನಡದ ಆಕಾರ ಬರದು ತೋರಸ್ತಿತ್ತು. ನಮ್ಮ ಅಡಗಿಮನ್ಯಾಗ ಚಾಪುಡಿ ಡಬ್ಬ್ಯಾಗ ಸಾಸಿವಿ ಹಾಕಿಟ್ಟಿರತೇವಲ್ಲಾ, ಹಂಗ. ಮನಿಯಾಕಿಗೆ ಒಳಗಿಂದು ಗೊತ್ತಿರತೈತಿ, ಬೀಗತಿ ಬಂದು ಚಾ ಮಾಡಾಕ ಹ್ವಾದ್ರ ಸಾಸಿವಿ ಕುದಸ್ತಾಳ. ಆ ಫಾಂಟು ಇರೂ ಕಂಪ್ಯೂಟರು ಮನಿಯಾಕಿ, ಫೋನು ಬೀಗತಿ.

ಯುನಿಕೋಡ್ ಅನ್ನೂದರಾಗ ಮಾತ್ರ ಕನ್ನಡದ "ಕ"ಗೆ ಅದರದಽ ಸ್ವಂತ ಅಂಕಿ ಐತಿ. ಜಗತ್ತಿನ ಯಾವ ಫೋನಿನ್ಯಾಗ ತಗದ್ರೂ ಅದು "ಕ"ನಽ. 1991ರಾಗಽ ಕನ್ನಡಕ್ಕ ಆ ಜಾಗಾ ಸಿಕ್ಕಿತ್ತು. ನಾ 2004ರಾಗ ಅದನ್ನ ಬಳಸಲಿಲ್ಲ. ಲಗ್ನಪತ್ರದ ಛಾಪಖಾನಿಯವರಿಗೆ ಹಳೇ ಫಾಂಟಽ ಬೇಕಿತ್ತು, ನನಗ ಅದಽ ರೂಢಿ ಇತ್ತು. ಮುಂದ ಹತ್ತಾರ ವರ್ಷ ಬದಲಿ ಮಾಡಿಡಾಕ ಟೈಮ್ ಇತ್ತು, ಅದನ್ನೂ ಮಾಡಲಿಲ್ಲ. ತಪ್ಪು ನಂದಽ, ಬ್ಯಾರೇಯವರದಲ್ಲ.

ಮರುದಿನ ಮುಂಜಾನೆ ರೊಟ್ಟಿ ಬಡದಿಟ್ಟು, ಆಧಾರ್ ಕಾರ್ಡು, ಎರಡ ಪೆನ್ ಡ್ರೈವ್ ಚೀಲದಾಗ ಹಾಕ್ಕೊಂಡು ಬಸ್ ಹತ್ತಿದ್ನಿ. ಮೂಡಲಗಿ ಮುಟ್ಟೂದ್ರಾಗ ಊಟದ ಹೊತ್ತು. ಅಲ್ಲಿ ನೋಡಿದ್ರ ಕಂಪ್ಯೂಟರ್ ಕೊಡೂದಕ್ಕ ನನಗಿಂತ ಮೊದಲ ವೈನೀನಽ ಅಡ್ಡ ನಿಂತಿದ್ರು. ಹಾಡಿನ ಸಲುವಾಗಿ ಅಲ್ಲ, ಇಸ್ಪೀಟಿನ ಸಲುವಾಗಿ!

ವೈನಿ ಇಪ್ಪತ್ತ ವರ್ಷದಿಂದ ಮಧ್ಯಾಹ್ನ ಭಾಂಡೆ ತಿಕ್ಕಿದ ಮ್ಯಾಲ ಮೂರ ಆಟ ಸಾಲಿಟೇರ್ ಆಡ್ತಾರ. ಮೂರಂದ್ರ ಮೂರು. "ನಿಮ್ಮ ಅಣ್ಣನ ಜೋಡಿ ಮಾತಾಡೂದಕಿಂತ ಇದು ಚಲೋ, ಸೋತ್ರ ಸೋತೆ ಅಂತ ಒಪ್ಪಕೋತೈತಿ" ಅಂತಾರ. ನಿಮಗೊಂದು ಮಾತು ಗೊತ್ತೇನು? ಆ ಆಟ 1990ರಾಗ ವಿಂಡೋಸಿನ ಜೋಡಿ ಬಂತು. ಆ ರಾಜಾ ರಾಣಿ ಎಲಿಗಳ ಚಿತ್ರ ಬರದಾಕಿ ಒಬ್ಬ ಹೆಣ್ಣಮಗಳು, ಸೂಸನ್ ಕೇರ್ ಅಂತ. ಮೊದಲಿನ ಮ್ಯಾಕ್ ಕಂಪ್ಯೂಟರಿನ ಸಣ್ಣ ಸಣ್ಣ ಚಿತ್ರಾ ಮಾಡಿದಾಕೀನೂ ಆಕೀನಽ. ವೈನಿಗೆ ಹೇಳಿದ್ನಿ. "ಅದಕ್ಕಽ ರಾಣಿ ಮಾರಿ ಚಂದ ಐತಿ" ಅಂದ್ರು.

ಆ ಹಳೇ ಆಟ ವಿಂಡೋಸ್ 8 ಬಂದಾಗ ಹೋತು. 10ರ ಜೋಡಿ ಬಂದದ್ದು ಜಾಹೀರಾತಿನ ಆಟ, ಜಾಹೀರಾತು ಬ್ಯಾಡಂದ್ರ ರೊಕ್ಕ ಕಟ್ಟಬೇಕು. ಫೋನಿನ್ಯಾಗಿನ ಇಸ್ಪೀಟ ಆಟದ್ದು ಇನ್ನೂ ದೊಡ್ಡ ಗೋಳು. ಒಂದ ಆಟಕ್ಕ ಒಂದ ಜಾಹೀರಾತು, ಅದರಾಗ "ರಮ್ಮಿ ಆಡ್ರಿ, ರೊಕ್ಕ ಗೆಲ್ರಿ" ಅಂತ. 2025ರ ಆಗಸ್ಟಿನ್ಯಾಗ ಕೇಂದ್ರ ಸರಕಾರ ಆನ್‌ಲೈನಿನ್ಯಾಗ ರೊಕ್ಕ ಹಚ್ಚಿ ಆಡೂ ಆಟಕ್ಕ, ಅದರ ಜಾಹೀರಾತಿಗೆ ಬಂದಿ ಹಾಕಿ ಕಾಯ್ದೆ ಮಾಡೈತಿ. ಆಡಿಸಿದವರಿಗೆ ಮೂರ ವರ್ಷದ ತನಕ ಜೈಲು, ಒಂದ ಕೋಟಿ ತನಕ ದಂಡ. ಆಡಿ ಕಳಕೊಂಡವರಿಗೆ ಶಿಕ್ಷಾ ಇಲ್ಲ. ನನಗ ಈ ಕಾಯ್ದೆ ಮನಸಿಗೆ ಬಂದೈತಿ. ನಮ್ಮ ಓಣ್ಯಾಗ ಒಬ್ಬಾಕಿ ಹೊಲಿಗಿ ಮಿಷನ್ನು ಅಡಾ ಇಟ್ಟದ್ದು ಮಗನ ರಮ್ಮಿ ಸಾಲಕ್ಕಽ ಅಂತ ನಮಗೆಲ್ಲಾರಿಗೂ ಗೊತ್ತೈತಿ. ಆದ್ರ ಕಾಯ್ದೆ ಬಂತಂತ ಸುಮ್ಮ ಕುಂದರಬ್ಯಾಡ್ರಿ. ಹುಡುಗರು ಆಡೂ ಆಟದಾಗ ಎಲ್ಲೆರ ಯುಪಿಐ ಕೇಳಿದ್ರ, ಅದು ಆಟ ಅಲ್ಲ, ಅಂಗಡಿ.

ಈಗ ವಿಂಡೋಸ್ 10ರ ಸುದ್ದಿ. 2025ರ ಅಕ್ಟೋಬರ್ 14ಕ್ಕ ಅದಕ್ಕ ಮಾಮೂಲಿ ರಿಪೇರಿ ನಿಂತದ್ದು ಖರೆ. ಆದ್ರ ಕಂಪ್ಯೂಟರ್ ಆವತ್ತ ಬಂದ್ ಬೀಳೂದಿಲ್ಲ. ಕಿಡಕಿಗೆ ಕಿಲಾಪು ಹಾಕಾಂವ ಇನ್ನ ಬರೂದಿಲ್ಲ ಅಂದಂಗ, ಅಷ್ಟ. ಅದರಾಗ ಬ್ಯಾಂಕಿನ ಕೆಲಸ ಮಾಡಬ್ಯಾಡ್ರಿ, ಗುರ್ತ ಇಲ್ಲದ ಫೈಲ್ ತಗೀಬ್ಯಾಡ್ರಿ. 2012ರ ಮಷಿನ್ನಿಗೆ ವಿಂಡೋಸ್ 11 ನಿಯಮದ ಪ್ರಕಾರ ಹತ್ತೂದಿಲ್ಲ, ಅದೂ ಖರೆ. ಹಂಗಂತ ನೆಟ್ಟಗಿದ್ದ ಭಾಂಡೇನ ಮುಚ್ಚಳ ಕೂಡಲಿಲ್ಲ ಅಂತ ಯಾರರ ಒಗೀತಾರೇನು?

ನಾ ಅದರಾಗ ಲಿನಕ್ಸ್ ಮಿಂಟ್ ಹಾಕಿದ್ನಿ, ಬರ್ಯಾಕ ಲಿಬ್ರೆ ಆಫೀಸ್. ಎರಡೂ ಪುಕ್ಕಟೆ. "ಪುಕ್ಕಟೆ ಅಂದ್ರ ಯಾರದು, ಮಾಲಕ ಯಾರು?" ಅಂತ ವೈನಿ ಕೇಳಿದ್ರು. ಹುಕ್ಕೇರಿ ತಾಲೂಕಿನ ಕರೆಂಟಿನಂಗ ಅಂತ ತಿಳೀರಿ ಅಂದ್ನಿ. ಸುತ್ತಮುತ್ತ ಎಲ್ಲಾ ಹೆಸ್ಕಾಂ, ನಮ್ಮಲ್ಲೆ 1969ರಿಂದ ನಮ್ಮ ಜನರಽ ಕಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರ ಸಂಘ. ಲಿನಕ್ಸೂ ಜಗತ್ತಿನ ಸಾವಿರಾರು ಮಂದಿ ಕೂಡಿ ನಡಸೂದು. ಸುಳ್ಳ ಹೇಳೂದಿಲ್ಲ, ಪ್ರಿಂಟರ್ ಹೊಂದಿಸೂದ್ರಾಗ ಅರ್ಧ ದಿನ ಹೋತು, ಸೊಸಿ ಅಳಿಯಂದ್ರ ಆಟಗೋಳು ಅದರಾಗ ಕೆಲವು ಓಡೂದಿಲ್ಲ. ಆದ್ರ ಜಾಹೀರಾತು ಇಲ್ಲದ ಸಾಲಿಟೇರ್ ಸಿಕ್ಕತು. ವೈನಿ ಅವತ್ತ ಐದ ಆಟ ಆಡಿದ್ರು.

ಲಿನಕ್ಸ್ ಹಾಕೂ ಮುಂಚೆ ಫೋಟೋ, ಫೈಲು ಎಲ್ಲಾ ಎರಡೂ ಪೆನ್ ಡ್ರೈವಿಗೆ ತಗೊಂಡಿದ್ನಿ, ಅದನ್ನ ಮರೀಬ್ಯಾಡ್ರಿ. ಹಾಡಿನ ಫೈಲ್ ಹಳೇ ಫಾಂಟಿನ್ಯಾಗ ಛಲೋ ತಗೀತು. ಯುನಿಕೋಡಿಗೆ ಬದಲಿ ಮಾಡೂ ಸಾಫ್ಟ್‌ವೇರಿಗೆ ಕೊಟ್ಟೆ. ಎರಡ ನಿಮಿಷ. ಪಿ ಹೋಗಿ "ಕ" ಬಂತು. ಅವ್ವನ ಹಾಡು ಫೋನಿನ ಪರದೆ ಮ್ಯಾಲ ಮೂಡೂದು ನೋಡಿ ನನಗ ಸ್ವಲ್ಪ ಹೊತ್ತು ಏನೂ ಕಾಣಲಿಲ್ಲ, ವೈನಿ ಕಣ್ಣ ಒರಸಿಕೊಳ್ಳಾಕ ಸೆರಗ ಕೊಟ್ರು.

ಆದ್ರ ತಪ್ಪು ಇದ್ದುವು. ಅರ್ಕಾವತ್ತು ಜಾಗಾ ತಪ್ಪಿ "ಸೂರ್ಯ" ಹೋಗಿ "ಸೂಯರ್" ಆಗಿತ್ತು, "ಕಾರ್ಯ" "ಕಾಯರ್" ಆಗಿತ್ತು. ಒಂದ ಹಾಡಿನ್ಯಾಗ ನಡುವ ಎರಡ ಸಾಲಽ ಇರಲಿಲ್ಲ, ನಾನಽ ಅವಾಗ ಬಿಟ್ಟಿರಬೇಕು. ಅಳಿಯ ಅಂದಾ, "ಎಐ ಆ್ಯಪಿಗೆ ಹಾಕ್ತೇನಿ ಅತ್ತಿ, ಚಿಟಕಿ ಹೊಡದಂಗ ತಿದ್ದಿಕೊಡತೈತಿ." ಹಾಕಿದಾ. ಕೊಡ್ತು. ಅಕ್ಷರ ಮುತ್ತಿನಂಗ, ಬಿಟ್ಟ ಜಾಗಾದಾಗ ಎರಡ ಹೊಸ ಸಾಲೂ ತುಂಬಿತ್ತು, ಪ್ರಾಸಾ ಎಲ್ಲಾ ಕೂಡಸಿ. ನಾನೂ ಮರುಳಾದ್ನಿ. ಛಾಪ ತಗದು ಚೀಲದಾಗ ಇಟ್ಟಕೊಂಡು, ಬರೂವಾಗ ಗೋಕಾಕದಾಗ ಇಳದು ಚಿಗವ್ವನ ಮನಿಗೆ ಹೋದ್ನಿ. ಚಿಗವ್ವಗ ಎಂಬತ್ತೆರಡು. ಓದಾಕ ಬರೂದಿಲ್ಲ, ಅವ್ವನ ಜೋಡಿ ದನಿ ಹಚ್ಚಿ ಹಾಡಿದಾಕಿ.

ನಾ ಓದಿಕೋತ ಹ್ವಾದ್ನಿ. ಮೂರನೇ ಹಾಡಿಗೆ ಆಕಿ ಕೈ ಎತ್ತಿದ್ಲು. "ಇದು ಯಾರ ಹಾಡವಾ? ನಮ್ಮಕ್ಕ ಇದನ್ನ ಹಾಡಿಲ್ಲ."

ಆ ಎರಡ ಸಾಲು ಓದಿದ್ನಿ. ಅದರಾಗ ತವರಿನವರು "ಹೂವಿನ ರಥ"ದಾಗ ಬರ್ತಾರ. ಚಿಗವ್ವ ನಕ್ಕಳು. "ನಮಗೆಲ್ಲಿ ರಥ, ನಮ್ಮಣ್ಣ ಚಕ್ಕಡಿ ಕಟಗೊಂಡ ಬರ್ತಿದ್ದಾ." ಆಮ್ಯಾಲ ಕಣ್ಣ ಮುಚ್ಚಿ ಖರೇ ಸಾಲು ಹಾಡಿದ್ಲು. ಚಕ್ಕಡೀನಽ ಇತ್ತು. ಅದರ ಎತ್ತಿಗೆ ಕೊಳ್ಳಗೆಜ್ಜಿ ಇತ್ತು, ಒಂದ ಎತ್ತು ಕುಂಟೂ ಇತ್ತು.

ಬರೇ ಅಷ್ಟಽ ಅಲ್ಲ. ಎಲ್ಲೆಲ್ಲಿ ಅವ್ವ "ಮನಿ" ಅಂದಿದ್ಲೋ ಅಲ್ಲೆಲ್ಲಾ ಆ ಎಐ "ಮನೆ" ಮಾಡಿತ್ತು, "ಹೊಳಿ"ನ್ನ "ಹೊಳೆ" ಮಾಡಿತ್ತು. ನಾ ಸಿಟ್ಟಾಗಿ ಅಳಿಯಗ ಫೋನ್ ಹಚ್ಚಿ ಬೈದ್ನಿ. ಪಾಪ, ಬೈದ ಮ್ಯಾಲ ಹಳೇ ಫೈಲ್ ನೋಡಿದ್ರ ಅರ್ಧಕ್ಕರ್ಧ ಕಡೆ ನಾನಽ 2004ರಾಗ "ಮನೆ" ಅಂತ ಟೈಪ್ ಮಾಡೀನಿ. ಅವ್ವ "ತವರಮನಿ" ಅಂದದ್ದಕ್ಕ ನಾ "ತವರುಮನೆ" ಅಂತ ಶುದ್ಧ ಮಾಡೀನಿ! ಕಲ್ತಾಕಿ ಅನ್ನೂ ಸೊಕ್ಕು. ಆ ಒಂದ ಉಕಾರ ಬಂದದ್ದಕ್ಕ ಚಿಗವ್ವನ ನಾಲಿಗಿ ಅಲ್ಲೆಲ್ಲಾ ಎಡವತಿತ್ತು. ಮಷಿನ್ ಇವತ್ತು ಮಾಡಿದ್ದನ್ನ ನಾ ಇಪ್ಪತ್ತ ವರ್ಷದ ಹಿಂದಽ ಕೈಯಿಂದ ಮಾಡಿಟ್ಟಿದ್ನಿ.

ಎಐ ಅಂದ್ರ ಬ್ಯಾಡಽ ಬ್ಯಾಡ ಅನ್ನಾಕಿ ನಾ ಅಲ್ಲ. ಅರ್ಜಿ ಬರ್ಯಾಕ, ಇಂಗ್ಲಿಷ್ ಪತ್ರ ತಿಳಕೊಳ್ಳಾಕ ನಾನೂ ಬಳಸ್ತೇನಿ. ಆದ್ರ ಅದರ ಗುಣ ತಿಳಕೋರಿ. ಅದು ಗೊತ್ತಿಲ್ಲ ಅನ್ನೂದು ಕಡಿಮಿ, ಖಾಲಿ ಜಾಗಾ ಕಂಡ್ರ ತನ್ನದೊಂದು ತುಂಬತೈತಿ. ಅದು ಓದಿದ್ದು ಪುಸ್ತಕದ ಕನ್ನಡ, ನಮ್ಮ ಗೋಕಾಕದ ಮಾತು ಅದಕ್ಕ ತಪ್ಪಽ ಕಾಣತೈತಿ. ಹಳೇ ನುಡಿ ಫೈಲು ಕಡೀಕ ಅಕ್ಷರ ತೋರಸಲಿಲ್ಲ, ಆದ್ರ ಒಳಗಿದ್ದದ್ದನ್ನ ಮುಟ್ಟಿರಲಿಲ್ಲ. ಪಿ ಅಂತ ಕಂಡ್ರ ಕೆಟ್ಟೈತಂತ ತಿಳೀತೈತಿ. ಹೂವಿನ ರಥ ಕಂಡ್ರ ಯಾರಿಗೆ ತಿಳೀಬೇಕು? ಚಿಗವ್ವ ಇರದಿದ್ರ ನನ್ನ ಮೊಮ್ಮಗಳು ಅದನ್ನಽ ಆಯಿ ಹಾಡಂತ ಹಾಡತಿದ್ಲು.

ಎರಡ ದಿನ ಗೋಕಾಕದಾಗಽ ಉಳದು, ಕುಬಸಕ್ಕ ಬೇಕಾದ ಒಂಬತ್ತ ಹಾಡು ಚಿಗವ್ವನ ಮುಂದ ಕುಂತು ತಿದ್ದಿದ್ನಿ. ತಿದ್ದಿದ್ದು ಯುನಿಕೋಡಿನ್ಯಾಗ ಒಂದು ಪೆನ್ ಡ್ರೈವಿನ್ಯಾಗ ಐತಿ, ಒಂದು ಅಣ್ಣನ ಕಂಪ್ಯೂಟರಿನ್ಯಾಗ, ಒಂದು ದೊಡ್ಡ ಅಕ್ಷರದಾಗ ಛಾಪಿಸಿ ಟ್ರಂಕಿನ್ಯಾಗ. ಹಳೇ ಫೈಲೂ ಹಂಗಽ ಇಟ್ಟೀನಿ, ನನ್ನ ತಪ್ಪಿನ ಸುದ್ದಾ. ಕುಬಸದ ದಿನ ಹುಡುಗ್ಯಾರು ಫೋನ್ ನೋಡಿ ಹಾಡಿದ್ರು, ಚಿಗವ್ವ ನೋಡದ ಹಾಡಿದ್ಲು, ಚಕ್ಕಡಿ ಸಾಲು ಬಂದಾಗ ವೈನಿ ನನ್ನ ಕಡೆ ನೋಡಿದ್ರು.

ಇನ್ನೂ 53 ಹಾಡು ತಿದ್ದೂದೈತಿ. ಬರೂ ಸೋಮವಾರ ಮತ್ತ ಗೋಕಾಕಕ್ಕ ಹೊಂಟೀನಿ. ಚಿಗವ್ವಗ ಕರದಂಟು ಬ್ಯಾಡಂತ, ಹಲ್ಲಿಲ್ಲ, ಮೆತ್ತನ್ನ ಬಾಳಿಹಣ್ಣ ತಾ ಅಂದಾಳು. ನಿಮ್ಮ ಕಡೆ ಯಾರದರ ಹಳೇ ಫಾಂಟಿನ ಫೈಲ್ ಇದ್ರ ಹುಕ್ಕೇರಿಗೆ ಪೆನ್ ಡ್ರೈವಿನ್ಯಾಗ ತರ್ರಿ, ಬದಲಿ ಮಾಡಿಕೊಡ್ತೇನಿ. ಬರೂವಾಗ ಆ ಹಾಡು ಗೊತ್ತಿದ್ದ ಹಿರ್ಯಾಕಿ ಒಬ್ಬಾಕೀನೂ ಕರ್ಕೊಂಡ ಬರ್ರಿ.