ಎಲೆಯ ರೋಗ ಮತ್ತು ಅಂಗಡಿಯ ಬಾಕಿ

ಲೆಕ್ಕ ಪರಿಶೋಧಕನಿಗೂ ಅಡಿಕೆ ಸೋಗೆಗೂ ಏನು ಸಂಬಂಧವೆಂದು ಸದಸ್ಯ ಬಂಧುಗಳು ಕೇಳಬಹುದು. ಪ್ರತಿವರ್ಷ ಮಾರ್ಚ್ ಅಂತ್ಯದಲ್ಲಿ ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಗೊಬ್ಬರ ಹಾಗೂ ಕೀಟನಾಶಕ ವ್ಯಾಪಾರಿಗಳ ಪುಸ್ತಕಗಳನ್ನು ಪರಿಶೀಲಿಸುವಾಗ ನಾನು ಮೊದಲು ನೋಡುವುದು ಮಾರಾಟದ ಮೊತ್ತವನ್ನಲ್ಲ, ಬರಬೇಕಾದ ಬಾಕಿಯ ಪಟ್ಟಿಯನ್ನು. ಮಳೆಗಾಲದಲ್ಲಿ ಉದ್ರಿಯಾಗಿ ಹೋದ ಮದ್ದಿನ ಹಣ, ರೈತನು ಚಾಲಿ ಮಾರಿದ ಮೇಲೆ ಬರಬೇಕು. ಮದ್ದು ರೋಗಕ್ಕೆ ತಕ್ಕದ್ದಲ್ಲದಿದ್ದರೆ ರೈತನಿಗೆ ಫಸಲಿಲ್ಲ, ವ್ಯಾಪಾರಿಗೆ ವಸೂಲಿಯಿಲ್ಲ. ಎರಡು ಮೂರು ವರ್ಷ ಹಳೆಯದಾದ ಇಂತಹ ಬಾಕಿಯನ್ನು ಕೊನೆಗೆ ಮುಳುಗಿದ ಸಾಲವೆಂದು ಬರೆದುಹಾಕುವ ಕೆಲಸ ನನ್ನ ಪಾಲಿಗೆ ಬರುತ್ತದೆ.

ನಮ್ಮ ಕರಾವಳಿಯಲ್ಲಿ ಬೆಳೆಯ ರೋಗನಿದಾನ ನಡೆಯುವುದು ಬಹುಮಟ್ಟಿಗೆ ಅಂಗಡಿಯ ಗಲ್ಲದ ಮುಂದೆ. ಮೊದಲು ರೈತನು ಒಂದು ಎಲೆ ಕಿತ್ತು ತರುತ್ತಿದ್ದನು. ಈಗ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸುತ್ತಾನೆ. ಒಂದೇ ಎಲೆಯಿಂದ ರೋಗ ತಿಳಿಯದು. ಅದು ಮರದ ಯಾವ ಭಾಗದ ಎಲೆ ಎಂಬುದೇ ಅರ್ಧ ಉತ್ತರ.

ಅಡಿಕೆಯನ್ನೇ ತೆಗೆದುಕೊಳ್ಳೋಣ. 2022ರ ಮಳೆಗಾಲದಲ್ಲಿ ಮಲೆನಾಡು, ಕರಾವಳಿಗಳಲ್ಲಿ ವ್ಯಾಪಕವಾಗಿ ಕಾಣಿಸಿಕೊಂಡ ಎಲೆಚುಕ್ಕಿ ರೋಗವು ಶಿಲೀಂಧ್ರದಿಂದ ಬರುವಂಥದು. ಕೆಳಗಿನ ಹಳೆಯ ಸೋಗೆಗಳಲ್ಲಿ ಹಳದಿ ಅಂಚಿನ ಕಂದು ಚುಕ್ಕೆಗಳು ಮೊದಲು ಮೂಡಿ, ಒಂದಕ್ಕೊಂದು ಕೂಡಿಕೊಂಡು ಸೋಗೆಯೇ ಒಣಗುತ್ತದೆ. ಸುಳ್ಯ, ಶೃಂಗೇರಿ, ಕೊಪ್ಪಗಳನ್ನು ಕಂಗೆಡಿಸಿರುವ ಹಳದಿ ಎಲೆ ರೋಗದಲ್ಲಿ ಎಲೆಯ ತುದಿಯಿಂದ ಹಳದಿ ಹರಡುತ್ತದೆ, ನಡುವಿನ ಕಡ್ಡಿಯ ಬದಿ ಹಸಿರಾಗಿಯೇ ಉಳಿಯುತ್ತದೆ. ಅದಕ್ಕೆ ಕಾರಣ ಫೈಟೋಪ್ಲಾಸ್ಮಾ. ಯಾವ ಶಿಲೀಂಧ್ರನಾಶಕವೂ ಅದನ್ನು ಗುಣಪಡಿಸದು. ಬೇಸಿಗೆಯಲ್ಲಿ ಎಳೆಯ ಗಿಡದ ಎಲೆಯಡಿ ನುಸಿ ಸೇರಿದರೂ ಹಳದಿ, ಪೊಟ್ಯಾಷ್ ಕೊರತೆಯಾದರೂ ಹಳದಿ. ನುಸಿಯಾದರೆ ಎಲೆಯ ಅಡಿಭಾಗವನ್ನು ಭೂತಗನ್ನಡಿಯಲ್ಲಿ ನೋಡಿದರೆ ಅದು ಹರಿದಾಡುವುದು ಕಾಣುತ್ತದೆ. ಸಾಮಾನ್ಯ ಕೀಟನಾಶಕ ಹೊಡೆದರೆ ನುಸಿಯನ್ನು ತಿನ್ನುವ ಹುಳುಗಳು ಸತ್ತು ನುಸಿ ಇನ್ನೂ ಹೆಚ್ಚುವುದುಂಟು. ಹಿಂದೆ ನುಸಿಗೆ ಬಾಯಿಪಾಠವಾಗಿದ್ದ ಡೈಕೋಫಾಲನ್ನು ಕೇಂದ್ರ ಸರ್ಕಾರ 2023ರಲ್ಲಿ ನಿಷೇಧಿಸಿದೆ. ಹಳೆಯ ಡಬ್ಬಿ ಕಪಾಟಿನಲ್ಲಿದ್ದರೆ ದಯವಿಟ್ಟು ಕೆಳಗಿಳಿಸಿ.

ಇನ್ನೊಂದು ತಪ್ಪು ಕಲ್ಪನೆಯೂ ಇದೆ. ಕೊಳೆರೋಗಕ್ಕೆ ಬೋರ್ಡೋ ಹೊಡೆಸಿದ್ದೇವೆ, ಎಲೆಚುಕ್ಕಿಗೂ ಅದೇ ಸಾಕು ಎನ್ನುವವರಿದ್ದಾರೆ. ಕೊನೆಗೌಡನು ಸಿಂಪಡಿಸಿದ್ದು ಕೊನೆಗೆ, ಸೋಗೆಗಲ್ಲ. ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ 1910ರಷ್ಟು ಹಿಂದೆಯೇ ಕೊಳೆರೋಗದ ಕಾರಣವನ್ನು ಅಭ್ಯಸಿಸಿ ಬರೆದರು. ನೂರು ಲೀಟರ್ ನೀರಿಗೆ ತಲಾ ಒಂದು ಕಿಲೋ ಮೈಲುತುತ್ತು ಮತ್ತು ಸುಣ್ಣ ಎಂಬ ಲೆಕ್ಕ ಇಂದಿಗೂ ನಡೆಯುತ್ತಿದೆ. ದ್ರಾವಣದಲ್ಲಿ ಅದ್ದಿದ ಹೊಳಪಿನ ಕತ್ತಿಗೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು ಎಂದರ್ಥ.

ನನ್ನ ಸ್ವಂತ ಅನುಭವವನ್ನೂ ಹೇಳಿಬಿಡುತ್ತೇನೆ. ಹೊನ್ನಾವರ ತಾಲೂಕಿನಲ್ಲಿ ತಂದೆಯವರಿಂದ ಬಂದ ಸಣ್ಣ ತೋಟದಲ್ಲಿ ಒಂದು ಮೂಲೆಯ ಮರಗಳು ಹಳದಿಯಾದವು. ಅಂಗಡಿಯೊಂದರಲ್ಲಿ ಒಂದು ಎಲೆ ತೋರಿಸಿದೆ. ಶಿಲೀಂಧ್ರನಾಶಕ, ಕೀಟನಾಶಕ, ಲಘು ಪೋಷಕಾಂಶ ಮೂರನ್ನೂ ಒಟ್ಟಿಗೆ ಕೊಟ್ಟರು. ನಾನೂ ಮರುಮಾತಿಲ್ಲದೆ ತಂದೆ. ಪರರ ಬಿಲ್ಲನ್ನು ಮೂರು ಬಾರಿ ನೋಡುವ ನಾನು ಇದನ್ನು ಒಮ್ಮೆಯೂ ಪ್ರಶ್ನಿಸಲಿಲ್ಲ. ಬಸಿಗಾಲುವೆ ಮುಚ್ಚಿಹೋಗಿ ಬುಡದಲ್ಲಿ ನೀರು ನಿಂತಿದ್ದುದೇ ಕಾರಣವೆಂದು ಮರುವರ್ಷ ಕಾಲುವೆ ತೋಡಿಸಿದಾಗ ತಿಳಿಯಿತು. ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ನಾಡಿನಲ್ಲಿ ಮೊದಲು ನೋಡಬೇಕಾದುದು ಅದನ್ನೇ.

ಹೊನ್ನಾವರದ ವೀಳ್ಯದೆಲೆಯ ವಿಷಯ ಇನ್ನೂ ಸೂಕ್ಷ್ಮ, ಏಕೆಂದರೆ ಅಲ್ಲಿ ಎಲೆಯೇ ಸರಕು. ಬೇಯಿಸದೆ, ಸಿಪ್ಪೆ ತೆಗೆಯದೆ ಕವಳದೊಡನೆ ನೇರವಾಗಿ ಬಾಯಿಗೆ ಹೋಗುವ ಸರಕು. ಎಲೆಯಲ್ಲಿ ನೀರು ತುಂಬಿದಂತಹ ಕೋನಾಕಾರದ ಚುಕ್ಕೆ, ಸುತ್ತ ಹಳದಿ ಕಂಡರೆ ಅದು ಬ್ಯಾಕ್ಟೀರಿಯಾದ ಕೆಲಸವಿರಬಹುದು. ಶಿಲೀಂಧ್ರನಾಶಕಗಳಲ್ಲಿ ಬಹುಪಾಲು ಅದಕ್ಕೆ ನಾಟವು. ಬಳ್ಳಿಯ ಎಲೆಗಳೆಲ್ಲ ಒಮ್ಮೆಲೇ ಬಾಡಿದರೆ ಎಲೆಯನ್ನು ಬಿಟ್ಟು ಬುಡ ಅಗೆದು ನೋಡಬೇಕು. ತಪ್ಪು ಮದ್ದಿನ ಶೇಷ ಮಾತ್ರ ಎಲೆಯ ಮೇಲೆ ಉಳಿಯುತ್ತದೆ. ಬಾಂಗ್ಲಾದೇಶದ ವೀಳ್ಯದೆಲೆಯಲ್ಲಿ ಸಾಲ್ಮೊನೆಲ್ಲಾ ಕಂಡುಬಂದ ಕಾರಣ ಯುರೋಪಿಯನ್ ಒಕ್ಕೂಟ 2014ರಲ್ಲಿ ಆಮದು ನಿಲ್ಲಿಸಿತು. ಅದು ಮತ್ತೆ ತೆರೆದದ್ದು 2021ರಲ್ಲಿ. ಅಲ್ಲಿಯ ಕಾರಣ ಬೇರೆ, ಆದರೆ ಒಮ್ಮೆ ಮುಚ್ಚಿದ ಮಾರುಕಟ್ಟೆ ತೆರೆಯಲು ಏಳು ವರ್ಷ ಹಿಡಿಯಿತೆಂಬುದು ನಮ್ಮ ಎಲೆ ವ್ಯಾಪಾರಿಗಳ ಗಮನದಲ್ಲಿರಲಿ. ಭಟ್ಕಳದ ಮಲ್ಲಿಗೆಯಲ್ಲಿ ಹೊಸ ಚಿಗುರು ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಅದು ಹೆಚ್ಚಾಗಿ ಕಬ್ಬಿಣದ ಕೊರತೆ. ಅದಕ್ಕೂ ಕೀಟನಾಶಕ ಹೊಡೆಯುವವರಿದ್ದಾರೆ.

ಕೀಟನಾಶಕದ ಮೇಲೆ ಶೇ. 18 ಜಿ.ಎಸ್.ಟಿ. ಇದೆ. ನೋಂದಣಿಯಿಲ್ಲದ ರೈತನಿಗೆ ಹೂಡುವಳಿ ತೆರಿಗೆಯ ಜಮೆ ಸಿಗದು. ಹತ್ತು ಸಾವಿರ ರೂಪಾಯಿಯ ಅನಗತ್ಯ ಮದ್ದಿಗೆ ಅವನು ತೆರುವುದು 11,800 ರೂಪಾಯಿ.

ಆದುದರಿಂದ ನನ್ನ ಸಲಹೆ ಇಷ್ಟೇ. ಮದ್ದಿನ ಬಿಲ್ಲಿನಲ್ಲಿ ಬೆಳೆ ಯಾವುದು, ಲಕ್ಷಣ ಮರದ ಯಾವ ಭಾಗದಲ್ಲಿ, ಯಾವಾಗಿನಿಂದ, ನೀರು ನಿಲ್ಲುತ್ತದೆಯೇ ಎಂಬುದಕ್ಕೆ ಒಂದು ಸಾಲು ಇರಲಿ. ಸಂಶಯವಿದ್ದರೆ ಮಾದರಿಯನ್ನು ತೋಟಗಾರಿಕೆ ಇಲಾಖೆಗೆ ಕಳಿಸಿ, ಆ ದಿನ ಮಾರಾಟ ಬೇಡ. ಹಾಗೆ ಮಾಡಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ ಎಂದು ಹಲವರು ನನಗೆ ಹೇಳಿದ್ದಾರೆ. ಹೋಗಬಹುದು. ಆದರೆ ಬಾಕಿಯೂ ಅಲ್ಲಿಯೇ ಬೆಳೆಯುತ್ತದೆ. ಹೈದರಾಬಾದಿನ ಮ್ಯಾನೇಜ್ ಸಂಸ್ಥೆ 2003ರಲ್ಲಿ ಕೃಷಿ ಪರಿಕರ ಮಾರಾಟಗಾರರಿಗಾಗಿಯೇ ಆರಂಭಿಸಿದ ಒಂದು ವರ್ಷದ ದೇಸಿ ಡಿಪ್ಲೊಮಾಕ್ಕೆ ನಮ್ಮ ಸದಸ್ಯರ ಮಕ್ಕಳನ್ನಾದರೂ ಕಳಿಸಬೇಕು. ಮುಂಗಾರಿಗೆ ಮುನ್ನ, ಮೈಲುತುತ್ತಿನ ದಾಸ್ತಾನು ಬರುವ ಹೊತ್ತಿಗೆ, ಮೂರೂ ತಾಲೂಕುಗಳ ವ್ಯಾಪಾರಿಗಳನ್ನು ಒಂದು ದಿನ ಸೇರಿಸಿ, ರೋಗದ ಸೋಗೆಗಳನ್ನೇ ಮೇಜಿನ ಮೇಲಿಟ್ಟು ತಜ್ಞರಿಂದ ಪಾಠ ಹೇಳಿಸಲು ಸಂಸ್ಥೆಯು ಮುಂದಾಗಲಿ. ಬಿಲ್ಲಿನ ನಮೂನೆಯನ್ನು ನಾನು ಸಿದ್ಧಪಡಿಸಿಕೊಡುತ್ತೇನೆ, ಅದಕ್ಕೆ ಶುಲ್ಕವಿಲ್ಲ.